ಮಂಗಳೂರಿನ ಬೊಮ್ಮನಿಂದ ಶುರು: ಯಹೂದಿ ಬದುಕನ್ನು ಓದಲು, ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಯಹೂದಿಗಳ ಬಗ್ಗೆ ಪುಸ್ತಕ ಅಂದ ಕೂಡಲೇ ನಮ್ಮಲ್ಲಿ ಜಾಸ್ತಿ ಜನಕ್ಕೆ ನೆನಪಾಗುವುದು ಹಿಟ್ಲರ್. ಅವನನ್ನು ಬಿಟ್ಟರೆ ಇವತ್ತಿನ ಇಸ್ರೇಲಿನ ಯುದ್ಧ. ಈ ಎರಡರ ಮಧ್ಯೆ ಎರಡು ಸಾವಿರ ವರ್ಷದ ಸಂಸಾರ, ವ್ಯಾಪಾರ, ಅಡುಗೆ, ಜಗಳ, ಹಾಡು ಎಲ್ಲ ಇದೆ. ಅದರಲ್ಲಿ ಒಂದು ಪಾಲು ನಮ್ಮ ಕರಾವಳಿಯಲ್ಲೇ ನಡೆದಿದೆ. ಗೆಳೆಯರು ನನ್ನನ್ನು ಕೇಳಿದ, ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಈ ವಿಷಯದಲ್ಲಿ ನಾನು ಏನೂ ಓದಿಲ್ಲ. ಎಲ್ಲಿಂದ ಶುರು ಮಾಡಲಿ?

ಮಂಗಳೂರಿನಿಂದ. ತಮಾಷೆ ಅಲ್ಲ, ನಿಜವಾಗಿಯೂ.

ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ ಇದ್ದ. ಅವನ ಊರು ಈಗಿನ ಟ್ಯುನೀಷಿಯಾದ ಮಹ್ದಿಯಾ. ಯೆಮೆನ್ನಿನ ಬಂದರು ಏಡನ್‌ಗೆ ಬಂದು, ಅಲ್ಲಿಂದ ಹಡಗು ಹತ್ತಿ 1132ರ ಹೊತ್ತಿಗೆ ಮಂಗಳೂರಿಗೆ ಬಂದ. ಹೆಚ್ಚುಕಡಿಮೆ 17 ವರ್ಷ ಈ ಕಡೆಯೇ ಇದ್ದ. ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ. ಏಡನ್‌ನಿಂದ ಒಡೆದ ತಾಮ್ರ, ಹಿತ್ತಾಳೆ ಸಾಮಾನು ಬರುತ್ತಿತ್ತು. ಅದನ್ನು ಕರಗಿಸಿ ಹೊಸ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಅಶು ಅನ್ನುವ ಈ ನೆಲದ ಹೆಣ್ಣೊಬ್ಬಳು ಗುಲಾಮಳಾಗಿದ್ದಳು. 1132ರ ಅಕ್ಟೋಬರ್‌ನಲ್ಲಿ ಅವಳನ್ನು ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟ. ಆ ಪತ್ರ ಬರೆದ ಜಾಗ ಮಂಗಳೂರು ಅಂತ ಅದರಲ್ಲೇ ಇದೆ. ಅವರಿಬ್ಬರ ಮಗಳು ಮುಂದೆ ಈಜಿಪ್ಟಿನಲ್ಲಿ ಅವನ ಸೋದರನ ಮಗನನ್ನು ಮದುವೆಯಾದಳು.

ಅವನ ಕೆಲಸದವನ ಹೆಸರು ಬೊಮ್ಮ. ಕಾಗದದಲ್ಲಿ ಅವನು ಗುಲಾಮ. ಆದರೆ ಯಜಮಾನನ ಪರವಾಗಿ ಸರಕು ತೆಗೆದುಕೊಂಡು ಏಡನ್‌ಗೆ ಹೋಗಿ ಲೆಕ್ಕ ನೋಡಿಕೊಂಡು ಬರುವವನು ಅವನೇ. ಒಂದು ಸಲ ಅಲ್ಲಿ ಚೆನ್ನಾಗಿ ಕುಡಿದು, ದುಡ್ಡು ಸಾಲದೆ, ಯಜಮಾನನ ಗೆಳೆಯನ ಹತ್ತಿರ ಹೋಗಿ ಇನ್ನೂ ಕೊಡು ಅಂತ ಪೀಡಿಸಿದ್ದಾನೆ. ಆ ಗೆಳೆಯ ಬೆನ್ ಯಿಜುಗೆ ಬರೆದ ದೂರು ಇವತ್ತಿಗೂ ಉಳಿದಿದೆ. ವರ್ಷಗಳು ಕಳೆದ ಮೇಲಿನ ಕಾಗದಗಳಲ್ಲಿ ಅದೇ ಬೊಮ್ಮನಿಗೆ 'ಶೇಖ್' ಅಂತ ಗೌರವ ಸೇರಿಸಿ ನಮಸ್ಕಾರ ಹೇಳುತ್ತಾರೆ! ಕುಡಿದು ಗಲಾಟೆ ಮಾಡಿದ ಹುಡುಗ ದೊಡ್ಡ ಮನುಷ್ಯನಾಗಿದ್ದ.

ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' (1992) ಈ ಬೊಮ್ಮನನ್ನು ಹುಡುಕಿಕೊಂಡು ಹೊರಟ ಪುಸ್ತಕ. ಹೀಬ್ರೂ ಅಕ್ಷರದಲ್ಲಿ ಸ್ವರ ಬರೆಯುವ ರೂಢಿ ಇಲ್ಲ. ಬ, ಮ ಅಷ್ಟೇ ಕಾಣುತ್ತದೆ. ಅದನ್ನು ಹೇಗೆ ಓದಬೇಕು ಅನ್ನುವುದು ತಲೆನೋವಾಗಿತ್ತು. ಘೋಷ್ ಮಂಗಳೂರಿಗೆ ಬಂದು ತುಳುನಾಡಿನ ಜಾನಪದ ಬಲ್ಲ ಬಿ. ಎ. ವಿವೇಕ ರೈ ಅವರನ್ನು ಕಂಡ ಮೇಲೆ ಗಂಟು ಬಿಚ್ಚಿತು. ಬೊಮ್ಮ ಅಂದರೆ ಬ್ರಹ್ಮ. ನಮಗಾದರೆ ಅದು ಬೇಂದ್ರೆ, ಬಸವಣ್ಣ ಅಂದಷ್ಟೇ ಸಲೀಸು. ಕೈರೋದಲ್ಲಿ, ಪ್ರಿನ್ಸ್‌ಟನ್‌ನಲ್ಲಿ ಕೂತವರಿಗೆ ಅಲ್ಲ.

ಒಂಬೈನೂರು ವರ್ಷದ ಕಾಗದ ಹೇಗೆ ಉಳಿಯಿತು?

ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಯಹೂದಿಗಳು ಬಿಸಾಡುವುದಿಲ್ಲ, ಸುಡುವುದಿಲ್ಲ. ಒಂದು ಕೋಣೆಗೆ ಹಾಕಿ ಇಡುತ್ತಾರೆ. ಅದಕ್ಕೆ ಜೆನೀಜಾ ಅನ್ನುತ್ತಾರೆ. ಹಳೆ ಕೈರೋದ ಬೆನ್ ಎಜ್ರಾ ಸಿನಗಾಗ್‌ನವರು, ಅಂದರೆ ಅಲ್ಲಿನ ಯಹೂದಿ ಪ್ರಾರ್ಥನೆಯ ಮನೆಯವರು, ಕಂಡ ಕಂಡ ಕಾಗದವನ್ನೆಲ್ಲ ತುಂಬಿದರು. ಸಾಲದ ಚೀಟಿ, ಮದುವೆ ಪತ್ರ, ಮಕ್ಕಳ ಅಕ್ಷರಾಭ್ಯಾಸದ ಹಾಳೆ, ಅಂಗಡಿ ಲೆಕ್ಕ ಎಲ್ಲವೂ ಒಳಗೆ ಹೋಯಿತು. ಈಜಿಪ್ಟಿನ ಒಣ ಹವೆ ಕಾಪಾಡಿತು. ನಮ್ಮ ಕರಾವಳಿಯಲ್ಲಿ ಇಟ್ಟಿದ್ದರೆ ಎರಡು ಮಳೆಗಾಲಕ್ಕೆ ಗೆದ್ದಲು ಮುಗಿಸುತ್ತಿತ್ತು.

1896-97ರಲ್ಲಿ ಸಾಲೊಮನ್ ಶೆಕ್ಟರ್ ಅನ್ನುವ ವಿದ್ವಾಂಸರು ಇದರಲ್ಲಿ ಬಹುಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅಲ್ಲೊಂದೇ ಕಡೆ 1,90,000ಕ್ಕೂ ಜಾಸ್ತಿ ತುಂಡುಗಳಿವೆ. ಬೆನ್ ಯಿಜುವಿನಂಥ ವ್ಯಾಪಾರಿಗಳ ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಕರಾವಳಿಯ ಕೊಂಕಣಿಯವರು ತಮ್ಮ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರಲ್ವಾ, ಹಾಗೆ.

ಬಹಳಷ್ಟು ತುಂಡುಗಳ ಫೋಟೊ ಕೇಂಬ್ರಿಜ್‌ನ ಡಿಜಿಟಲ್ ಲೈಬ್ರರಿಯಲ್ಲಿ ಬಿಟ್ಟಿಯಾಗಿ ನೋಡಬಹುದು. ಓದಲು ಬರದಿದ್ದರೂ ಒಂದು ಸಲ ದೊಡ್ಡದು ಮಾಡಿ ನೋಡಿ. ಅಂಚಿನಲ್ಲಿ, ಹಿಂದೆ, ಸಾಲಿನ ಸಂದಿಯಲ್ಲಿ ಎಲ್ಲೆಡೆ ಬರೆದಿರುತ್ತಾರೆ. ಯಾಕೆಂದರೆ ಮಂಗಳೂರಿನಲ್ಲಿ ಆಗ ಕಾಗದ ಸಿಗುತ್ತಿರಲಿಲ್ಲ. ಏಡನ್ ಗೆಳೆಯರು ಸಕ್ಕರೆ, ಒಣದ್ರಾಕ್ಷಿ ಜೊತೆ ಕಾಗದವನ್ನೂ ಉಡುಗೊರೆ ಕಳಿಸುತ್ತಿದ್ದರು. ಬಂದ ಪತ್ರದ ಬೆನ್ನಿನ ಮೇಲೇ ಬೆನ್ ಯಿಜು ತನ್ನ ಲೆಕ್ಕ ಬರೆದಿಡುತ್ತಿದ್ದ.

ಘೋಷ್ ಪುಸ್ತಕ ಆದ ಮೇಲೆ ಅದೇ ಕತೆಯನ್ನು ಇನ್ನೂ ಆಳವಾಗಿ ಓದಬೇಕು. ಏನಿದೆ?

ಎರಡು ಹೇಳುತ್ತೇನೆ. ಒಂದು, 'ಇಂಡಿಯಾ ಟ್ರೇಡರ್ಸ್ ಆಫ್ ದ ಮಿಡಲ್ ಏಜಸ್' (2008). ಎಸ್. ಡಿ. ಗೊಯ್ಟೈನ್ ಜೀವಮಾನವಿಡೀ ಕೂಡಿಸಿದ ಪತ್ರಗಳನ್ನು ಅವರು ತೀರಿಕೊಂಡ ಮೇಲೆ ಮೊರ್ದೆಖಾಯ್ ಫ್ರೀಡ್‌ಮನ್ ಮುಗಿಸಿಕೊಟ್ಟರು. ಪತ್ರಗಳ ಇಂಗ್ಲಿಷ್ ಅನುವಾದ ಅದರಲ್ಲಿದೆ. ಬೆಲೆ ಕೇಳಿದರೆ ಕೊಳ್ಳುವ ಆಸೆ ಹೋಗುತ್ತದೆ, ಲೈಬ್ರರಿಯೇ ಗತಿ. ಮುಂಗಡ ತೆಗೆದುಕೊಂಡು ಏಲಕ್ಕಿ ಕೊಡದೆ ಸತಾಯಿಸಿದ ಇಲ್ಲಿನ ವ್ಯಾಪಾರಿಯ ಪ್ರಸಂಗ ಓದಿ. ಏಡನ್‌ನಲ್ಲಿ ಕೂತ ಪಾಲುದಾರರು, ಅವನ ಮರ್ಯಾದೆ ತೆಗೆಯುತ್ತೇವೆ ಅಂತ ಹೆದರಿಸು ಅನ್ನುವ ಧಾಟಿಯಲ್ಲಿ ಬರೆಯುತ್ತಾರೆ. ಮಂಡಿ ವ್ಯವಹಾರ ಗೊತ್ತಿದ್ದವರಿಗೆ ನಗು ಬರುತ್ತದೆ.

ಇನ್ನೊಂದು ಎಲಿಜಬೆತ್ ಲ್ಯಾಂಬೋರ್ನ್ ಬರೆದ 'ಅಬ್ರಹಾಮ್ಸ್ ಲಗೇಜ್' (2018). ಬೆನ್ ಯಿಜು ಹಡಗು ಪ್ರಯಾಣಕ್ಕೆ ಕಟ್ಟಿಕೊಂಡ ಗಂಟುಮೂಟೆಯ ಒಂದು ಪಟ್ಟಿ ಸಿಕ್ಕಿದೆ. ಆ ಒಂದು ಪಟ್ಟಿ ಹಿಡಿದು ಇಡೀ ಪುಸ್ತಕ ಬರೆದಿದ್ದಾರೆ. ಯಾವ ಪಾತ್ರೆ, ಯಾವ ಹುಳಿ ಪದಾರ್ಥ, ನೀರು ಹೇಗೆ, ಅಕ್ಕಿ ತಿನ್ನುವ ನಾಡಿನಲ್ಲಿ ಗೋಧಿ ರೊಟ್ಟಿಯವನು ಏನು ಮಾಡಿದ ಅನ್ನುವುದೇ ಅದರ ವಿಷಯ. ಭಾಷೆ ಸ್ವಲ್ಪ ಪಂಡಿತರದ್ದು. ಆದರೂ ಗಲ್ಫಿಗೆ ಹೊರಟ ಮಗನ ಪೆಟ್ಟಿಗೆಗೆ ಉಪ್ಪಿನಕಾಯಿ ತುಂಬಿದ ಯಾವ ಮನೆಯವರಿಗೂ ಅರ್ಥವಾಗುತ್ತದೆ.

ಯಹೂದಿ, ಯೆಹೂದ್ಯ, ಜ್ಯೂ, ಇಸ್ರೇಲಿ. ಯಾವ ಪದ ಸರಿ?

ಕನ್ನಡ ಬೈಬಲ್ ಓದಿದವರು ಯೆಹೂದ್ಯ ಅನ್ನುತ್ತಾರೆ. ಪತ್ರಿಕೆಗಳಲ್ಲಿ ಯಹೂದಿ ಅಂತ ಇರುತ್ತದೆ. ಎರಡೂ ಸರಿ. ಇಸ್ರೇಲಿ ಅನ್ನುವುದು ಆ ದೇಶದ ಪ್ರಜೆಗೆ. ಅವರಲ್ಲಿ ಅರಬ್ಬರೂ ಇದ್ದಾರೆ. ಇನ್ನು ಪ್ರಾರ್ಥನೆಯ ಮನೆಗೆ ಬೈಬಲ್ ಅನುವಾದದಲ್ಲಿ ಸಭಾಮಂದಿರ ಅಂತಿದೆ. ನಾನು ಇಲ್ಲಿ ಸಿನಗಾಗ್ ಅಂತಲೇ ಬರೆದಿದ್ದೇನೆ. ಮಲಯಾಳಿಗಳು ಅದನ್ನೂ ಪಳ್ಳಿ ಅಂತಲೇ ಕರೆಯುತ್ತಾರೆ, ಚರ್ಚು, ಮಸೀದಿಗೆ ಹೇಳಿದ ಹಾಗೆ.

ಭಾರತದಲ್ಲಿ ಯಹೂದಿಗಳು ಎಷ್ಟು ಜನ ಇದ್ದಾರೆ?

2011ರ ಜನಗಣತಿಯಲ್ಲಿ ಐದು ಸಾವಿರಕ್ಕಿಂತ ಕಡಿಮೆ. ಸ್ವಾತಂತ್ರ್ಯ ಬಂದ ಕಾಲಕ್ಕೆ 20 ಸಾವಿರಕ್ಕೂ ಜಾಸ್ತಿ ಇದ್ದರು. ಆಮೇಲೆ ಬಹಳ ಮಂದಿ ಇಸ್ರೇಲಿಗೆ ಹೋದರು, ಕೆಲವರು ಇಂಗ್ಲೆಂಡ್, ಆಸ್ಟ್ರೇಲಿಯಾಕ್ಕೆ. ಯಾರೂ ಓಡಿಸಿದ್ದಲ್ಲ. ಮುಖ್ಯವಾಗಿ ಮೂರು ಗುಂಪು: ಕೊಚ್ಚಿಯವರು, ಕೊಂಕಣದ ಬೆನೆ ಇಸ್ರೇಲ್, ಮತ್ತು 18ನೇ ಶತಮಾನದ ಕೊನೆಯಿಂದ ಮುಂಬೈ, ಕೋಲ್ಕತ್ತಾ, ಪುಣೆಗೆ ಬಂದ ಬಾಗ್ದಾದಿಗಳು. ಮಣಿಪುರ, ಮಿಜೋರಾಂನ ಬ್ನೇಯ್ ಮೆನಾಷೆಯವರದ್ದು ತೀರಾ ಈಚಿನ, ಬೇರೆಯದೇ ಕತೆ.

ಕೊಚ್ಚಿಗೆ ಹೋದರೆ ಏನು ನೋಡಬೇಕು?

ಮೊದಲು ಕ್ಯಾಲೆಂಡರ್ ನೋಡಿ. ನಾನು ಮೊದಲ ಸಲ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಿ ಮಟ್ಟಾಂಚೇರಿಯಲ್ಲಿ ಇಳಿದದ್ದು ಶನಿವಾರ. ಬಾಗಿಲು ಹಾಕಿತ್ತು. ಅವರಿಗೆ ಶನಿವಾರ ಸಬ್ಬತ್, ಯಾವ ಕೆಲಸವೂ ಇಲ್ಲ ಅನ್ನುವುದು ಪುಸ್ತಕದಲ್ಲಿ ಹತ್ತು ಸಲ ಓದಿದವನು ನಾನೇ. ತಪ್ಪು ನನ್ನದೇ, ಬೈಯಲು ಯಾರೂ ಸಿಗಲಿಲ್ಲ. ಶುಕ್ರವಾರ ಮಧ್ಯಾಹ್ನ ಮತ್ತು ಅವರ ಹಬ್ಬದ ದಿನವನ್ನೂ ಬಿಟ್ಟು ಹೋಗಿ.

ಪರದೇಶಿ ಸಿನಗಾಗ್ 1568ರದ್ದು. 2018ರ ಡಿಸೆಂಬರ್‌ನಲ್ಲಿ 450 ವರ್ಷದ ಸಂಭ್ರಮ ನಡೆಯಿತು. ಆಗ ಕೊಚ್ಚಿಯಿಂದ ಹೊರಗೆ ಹೋಗಿ ನೆಲೆಸಿದವರು ಮಕ್ಕಳು ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಚಪ್ಪಲಿ ಹೊರಗೆ ಬಿಡಬೇಕು. ಯುರೋಪಿನ ಸಿನಗಾಗ್‌ಗಳಲ್ಲಿ ಈ ಪದ್ಧತಿ ಇಲ್ಲ, ಇದು ನಮ್ಮ ನೆಲದ್ದು. ಬರಿಗಾಲಿಗೆ ತಣ್ಣಗೆ ತಾಗುವ ಆ ನೀಲಿ ಬಿಳಿ ಟೈಲ್ಸ್ 18ನೇ ಶತಮಾನದಲ್ಲಿ ಚೀನಾದಿಂದ ಬಂದವು. ಕೈಯಲ್ಲಿ ಬರೆದ ಚಿತ್ತಾರ. ದೂರದಿಂದ ಎಲ್ಲ ಒಂದೇ ಥರ. ಕೂತು ನೋಡಿದರೆ ಒಂದರ ಎಲೆ ಸ್ವಲ್ಪ ದಪ್ಪ, ಇನ್ನೊಂದರದು ಕುಂಚ ಜಾರಿದ ಹಾಗೆ. ತಲೆಯ ಮೇಲೆ ಗಾಜಿನ ದೀಪಗಳು. ಗೋಡೆಯಾಚೆಗೆ ಅರಮನೆ, ಅದರ ದೇವಸ್ಥಾನ. ರಾಜ ತನ್ನ ಬೇಲಿಗೆ ಬೇಲಿ ತಾಗಿಸಿ ಜಾಗ ಕೊಟ್ಟಿದ್ದಾನೆ.

ಅಲ್ಲಿನವರು ಹೆಮ್ಮೆಯಿಂದ ಹೇಳುವ ತಾಮ್ರಪಟಗಳು ಹೆಚ್ಚುಕಡಿಮೆ ಸಾವಿರ ವರ್ಷ ಹಳೆಯವು. ಭಾಸ್ಕರ ರವಿವರ್ಮ ಅನ್ನುವ ಅರಸ ಜೋಸೆಫ್ ರಬ್ಬಾನ್‌ಗೆ ಕೊಟ್ಟ 72 ಹಕ್ಕುಗಳು ಅದರಲ್ಲಿವೆ. ಹಗಲು ದೀಪ, ಛತ್ರಿ, ಪಲ್ಲಕ್ಕಿ, ವಾದ್ಯ ಅಂತೆಲ್ಲ. ನಮ್ಮ ಶಾಸನಗಳನ್ನು ಓದಿದವರಿಗೆ ಈ ಪಟ್ಟಿ ಹೊಸದೇನಲ್ಲ. ಇಲ್ಲಿ ಅದು ಸಂದದ್ದು ಒಬ್ಬ ಯಹೂದಿಗೆ, ಅಷ್ಟೇ.

ಸಿನಗಾಗ್ ಬೀದಿಯಲ್ಲಿ ಕಸೂತಿ ಅಂಗಡಿ ಇಟ್ಟಿದ್ದ ಸಾರಾ ಕೊಹೆನ್ 2019ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಅವರನ್ನೂ ಅಂಗಡಿಯನ್ನೂ ನೋಡಿಕೊಂಡದ್ದು ಒಂದು ಮುಸ್ಲಿಂ ಕುಟುಂಬ.

ಸಮಯ ಇದ್ದರೆ ಒಂದು ದಿನ ಜಾಸ್ತಿ ಇಟ್ಟುಕೊಂಡು ಪರವೂರು, ಚೇಂದಮಂಗಲಂ ಸಿನಗಾಗ್‌ಗಳಿಗೂ ಹೋಗಿ. ಎರಡೂ ಈಗ ಮ್ಯೂಸಿಯಂ. ನನಗೆ ಕೇಳಿದರೆ ಮಟ್ಟಾಂಚೇರಿಗಿಂತ ಇವೇ ಇಷ್ಟ. ಗದ್ದಲ ಇಲ್ಲ. ಚೇಂದಮಂಗಲಂನಲ್ಲಿ 1269ರ ಒಂದು ಗೋರಿಕಲ್ಲಿದೆ, ಸಾರಾ ಅನ್ನುವ ಹೆಂಗಸಿನದು. ಭಾರತದಲ್ಲಿ ಸಿಕ್ಕ ಹೀಬ್ರೂ ಬರಹಗಳಲ್ಲಿ ಅದೇ ಹಳೆಯದು ಅನ್ನುತ್ತಾರೆ.

ಅವರೊಳಗೂ ಮೇಲು ಕೀಳು ಇತ್ತಾ?

ಇತ್ತು, ಮತ್ತು ಅದನ್ನು ಮುಚ್ಚಿಟ್ಟು ಬರೆದ ಪುಸ್ತಕ ನಂಬಬೇಡಿ. ಆಮೇಲೆ ಹೊರಗಿನಿಂದ ಬಂದ ಪರದೇಶಿಗಳು, ಮೊದಲಿಂದ ಅಲ್ಲೇ ಇದ್ದ ಮಲಬಾರಿ ಯಹೂದಿಗಳ ಜೊತೆ ಮದುವೆ ಸಂಬಂಧ ಬೆಳೆಸುತ್ತಿರಲಿಲ್ಲ. ಬಿಡುಗಡೆಯಾದ ಗುಲಾಮರ ವಂಶದವರನ್ನು ಇನ್ನೂ ಕೆಳಗೆ ಇಟ್ಟಿದ್ದರು. ಅವರು ಪರದೇಶಿ ಸಿನಗಾಗ್‌ನಲ್ಲಿ ಎಲ್ಲರ ಜೊತೆ ಬೆಂಚಿನ ಮೇಲೆ ಕೂರುವಂತಿರಲಿಲ್ಲ. ಮುಂಚಾವಡಿಯಲ್ಲಿ, ನೆಲದ ಮೇಲೆ ಕೂರಬೇಕಿತ್ತು. ಆ ವಂಶದಲ್ಲೇ ಹುಟ್ಟಿದ ವಕೀಲ ಎ. ಬಿ. ಸೇಲಂ (1882-1967) ಗಾಂಧಿ ದಾರಿ ಹಿಡಿದು ಸಿನಗಾಗ್ ಒಳಗೇ ಸತ್ಯಾಗ್ರಹ ಮಾಡಿದರು. ಜನ ಅವರನ್ನು ಯಹೂದಿ ಗಾಂಧಿ ಅಂತಲೇ ಕರೆದರು.

ಇದನ್ನು ಒಳಗಿನವರ ಬಾಯಿಂದ ಕೇಳಬೇಕು ಅಂದರೆ 'ರೂಬಿ ಆಫ್ ಕೊಚಿನ್' (1995) ಓದಿ. ರೂಬಿ ಡೇನಿಯಲ್ ತಮ್ಮ ನೆನಪುಗಳನ್ನು ಬಾರ್ಬರಾ ಜಾನ್ಸನ್ ಜೊತೆ ಕೂತು ಬರೆದರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ಕೆಲಸ ಮಾಡಿ, 1951ರಲ್ಲಿ ಇಸ್ರೇಲಿನ ಒಂದು ಕಿಬ್ಬುತ್ಸ್‌ಗೆ (ಎಲ್ಲರೂ ಒಟ್ಟಿಗೆ ದುಡಿದು ಹಂಚಿಕೊಂಡು ಬದುಕುವ ಹಳ್ಳಿ) ಹೋದ ಹೆಂಗಸು. ಅಜ್ಜಿ ಹೇಳಿದ ದೆವ್ವದ ಕತೆ, ಮದುವೆ ಮನೆ ಗಲಾಟೆ, ಕೂರಲು ಜಾಗ ಸಿಗದ ಸಿಟ್ಟು ಎಲ್ಲ ಒಟ್ಟಿಗೆ ಬರುತ್ತವೆ. ಕೊಚ್ಚಿಯ ಬಗ್ಗೆ ಒಂದೇ ಪುಸ್ತಕ ಓದುತ್ತೀರಾದರೆ ಇದನ್ನೇ ಓದಿ.

ಹಾಡು ಕೇಳಬಹುದಾ?

ಖಂಡಿತ. ಕೊಚ್ಚಿಯ ಯಹೂದಿ ಹೆಂಗಸರು ಮಲಯಾಳದಲ್ಲಿ ಹಾಡು ಕಟ್ಟಿ, ನೋಟ್‌ಬುಕ್‌ಗಳಲ್ಲಿ ಬರೆದಿಟ್ಟು ಮಗಳಿಗೆ, ಸೊಸೆಗೆ ದಾಟಿಸಿದರು. ನಮ್ಮ ಮನೆಗಳ ಹಸೆ ಹಾಡು, ಆರತಿ ಹಾಡಿನ ಪುಸ್ತಕ ಇದ್ದ ಹಾಗೆ. ಬೇರೆ ಎಷ್ಟೋ ಕಡೆ ಸಂಪ್ರದಾಯಸ್ಥ ಯಹೂದಿ ಗಂಡಸರು ಹೆಂಗಸರ ಹಾಡಿಗೆ ಕಿವಿ ಕೊಡುವಂತಿಲ್ಲ. ಕೊಚ್ಚಿಯಲ್ಲಿ ಹೆಂಗಸರು ಎಲ್ಲರೆದುರೂ ಹಾಡಿದರು. 2004ರಲ್ಲಿ 'ಓ ಲವ್ಲಿ ಪ್ಯಾರಟ್' ಹೆಸರಿನ ಸಿ.ಡಿ. ಜೆರುಸಲೇಮಿನಿಂದ ಬಂತು. ಮರುವರ್ಷ ಸ್ಕರಿಯಾ ಜಕರಿಯಾ ಮತ್ತು ಒಫಿರಾ ಗಾಂಲಿಯೇಲ್ ಹಾಡುಗಳನ್ನು ಮಲಯಾಳ, ಹೀಬ್ರೂ ಎರಡರಲ್ಲೂ ಕೊಟ್ಟ 'ಕಾರ್ಕುಳಲಿ' ಬಂತು. ಮಲಯಾಳ ತುಸು ಗೊತ್ತಿದ್ದರೂ ಸಾಕು, ಗಿಳಿ, ಮದುಮಗಳು, ಹೂವು ಎಲ್ಲ ಕಿವಿಗೆ ಸಿಗುತ್ತದೆ.

ಕೊಂಕಣದ ಬೆನೆ ಇಸ್ರೇಲ್ ಅಂದರೆ ಯಾರು?

ಅಲಿಬಾಗ್ ಹತ್ತಿರ ನವಗಾಂವ್‌ನಲ್ಲಿ ಹಡಗು ಒಡೆದು ಏಳು ಗಂಡು, ಏಳು ಹೆಣ್ಣು ದಡ ಸೇರಿದರು ಅನ್ನುವುದು ಅವರ ಮೂಲದ ಕತೆ. ಗಾಣ ಆಡಿಸಿ ಎಣ್ಣೆ ತೆಗೆಯುವುದು ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಶನಿವಾರ್ ತೇಲಿ ಅಂದರು. ಮರಾಠಿ ಮಾತು. ಊರಿನ ಹೆಸರಿಗೆ 'ಕರ್' ಸೇರಿಸಿದ ಅಡ್ಡಹೆಸರು: ದಿವೇಕರ್, ಪೆಣಕರ್. ಬೆಳಗಾವಿ, ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವರಿಗೂ ಶ್ರೀರಂಗಪಟ್ಟಣಕ್ಕೂ ಒಂದು ನಂಟಿದೆ. ಸ್ಯಾಮುಯೆಲ್ ಎಜೆಕಿಯಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದವನು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಗೆ ಬಿದ್ದ. ಇವನು ಬನೀ ಇಸ್ರಾಯಿಲ್ ಅಂತ ತಿಳಿದು, ಕುರಾನಿನಲ್ಲಿ ಬರುವ ಜನ ಇವರು ಅಂತ ಟಿಪ್ಪುವಿನ ತಾಯಿ ಜೀವ ಉಳಿಸಿದರು ಅಂತ ಅವರಲ್ಲಿ ಕತೆ. ಬದುಕಿ ಬಂದರೆ ಸಿನಗಾಗ್ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತಿದ್ದನಂತೆ. ಕತೆ ಹೇಗೇ ಇರಲಿ, 1796ರಲ್ಲಿ ಮುಂಬೈನ ಮೊದಲ ಸಿನಗಾಗ್ ಕಟ್ಟಿಸಿದ್ದು ಅವನೇ. ಬೆನೆ ಇಸ್ರೇಲರು ಅದನ್ನು ಮಶೀದ್ ಅನ್ನುತ್ತಿದ್ದರು. ಮುಂಬೈ ಲೋಕಲ್‌ನ ಮಸ್ಜಿದ್ ಸ್ಟೇಷನ್ನಿಗೆ ಆ ಹೆಸರು ಬಂದದ್ದು ಈ ಸಿನಗಾಗ್‌ನಿಂದ ಅಂತಾರೆ.

ಅವರ ಮಲಿದಾ ಪೂಜೆಗೆ ಯಾರಾದರೂ ಕರೆದರೆ ತಪ್ಪಿಸಬೇಡಿ. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಹರಕೆ. ಮದುವೆ, ಹೊಸ ಮನೆ, ಪರೀಕ್ಷೆ ಪಾಸು ಹೀಗೆ ಯಾವುದಕ್ಕಾದರೂ ಆಗುತ್ತದೆ. ತಟ್ಟೆ ತುಂಬ ನೆನೆಸಿದ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಸುತ್ತ ಹಣ್ಣು. ಹೀಬ್ರೂ ಮಂತ್ರ ಕೇಳಿಸದಿದ್ದರೆ ನಮ್ಮ ಮನೆಯ ಸಿಹಿ ಅವಲಕ್ಕಿ ಅಂತಲೇ ಅನ್ನಬೇಕು.

ಕತೆ, ಕಾದಂಬರಿ, ಕವಿತೆ?

ನಿಸ್ಸಿಮ್ ಎಜೆಕಿಯಲ್ (1924-2004) ಬೆನೆ ಇಸ್ರೇಲ್ ಮನೆಯವರು. ಅವರ ಚೇಳಿನ ಪದ್ಯವನ್ನು ಇಂಗ್ಲಿಷ್ ಪಾಠದಲ್ಲಿ ಎಷ್ಟೋ ಮಂದಿ ಓದಿರುತ್ತೀರಿ, ಅವರು ಯಹೂದಿ ಅಂತ ಮೇಷ್ಟ್ರು ಹೇಳಿರುವುದಿಲ್ಲ. 1983ರಲ್ಲಿ ಸಾಹಿತ್ಯ ಅಕಾಡೆಮಿ ಬಹುಮಾನ ಬಂದದ್ದು 'ಲ್ಯಾಟರ್-ಡೇ ಸಾಮ್ಸ್'ಗೆ. ಅಹಮದಾಬಾದಿನ ಎಸ್ತರ್ ಡೇವಿಡ್ 'ಬುಕ್ ಆಫ್ ರೇಚೆಲ್'ಗೆ 2010ರಲ್ಲಿ ಅದೇ ಬಹುಮಾನ ಪಡೆದರು. ಮಕ್ಕಳೆಲ್ಲ ಇಸ್ರೇಲಿಗೆ ಹೋದ ಮೇಲೆ ಕರಾವಳಿಯ ಊರಿನಲ್ಲಿ ಒಬ್ಬಳೇ ಉಳಿದು ಸಿನಗಾಗ್ ಕಾಯುವ ವಿಧವೆಯ ಕತೆ ಅದು. ಪ್ರತಿ ಅಧ್ಯಾಯವೂ ಒಂದು ಅಡುಗೆಯಿಂದ ಶುರುವಾಗುತ್ತದೆ. ಹಿಂದಿ ಓದುವವರಿಗೆ ಶೀಲಾ ರೋಹೇಕರ್ ಅವರ 'ಮಿಸ್ ಸ್ಯಾಮುಯೆಲ್: ಏಕ್ ಯಹೂದಿ ಗಾಥಾ' ಇದೆ.

ಅಡುಗೆ ಪುಸ್ತಕ?

ಎಸ್ತರ್ ಡೇವಿಡ್ ಊರೂರು ಸುತ್ತಿ ಬರೆದ 'ಬೆನೆ ಅಪೆಟೀಟ್' (2021). ಮಾಂಸ, ಹಾಲು ಒಟ್ಟಿಗೆ ತಿನ್ನಬಾರದು ಅನ್ನುವುದು ಅವರ ನಿಯಮ. ಆದ್ದರಿಂದ ಭಾರತದ ಯಹೂದಿ ಮನೆಗಳಲ್ಲಿ ಮೊಸರು, ತುಪ್ಪದ ಜಾಗಕ್ಕೆ ತೆಂಗಿನ ಹಾಲು ಬಂತು. ವೈನ್ ಸಿಗದ ಕಡೆ ಕರಿ ಒಣದ್ರಾಕ್ಷಿ ನೆನೆಸಿ ಕಿವುಚಿದ ಶರಬತ್ತು. ಕೋಲ್ಕತ್ತಾ ಕಡೆ ಹೋದರೆ ನ್ಯೂ ಮಾರ್ಕೆಟ್‌ನ ನಾಹೂಮ್ಸ್ ಬೇಕರಿಗೆ ಹೋಗಿ. 1902ರಿಂದ ಇದೆ.

ಕರ್ನಾಟಕದಲ್ಲಿ ಬೆನ್ ಯಿಜು ಬಿಟ್ಟರೆ ಬೇರೆ ಏನಾದರೂ?

ಬೆಂಗಳೂರಿನಲ್ಲಿದೆ. 1933ರಲ್ಲಿ ನಾಜಿಗಳು ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದರು. ಗೊಟಿಂಗೆನ್‌ನ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರಲ್ಲೊಬ್ಬರು. ಸಿ. ವಿ. ರಾಮನ್ ಕರೆಸಿಕೊಂಡರು. 1935-36ರ ಚಳಿಗಾಲ ಬಾರ್ನ್ ದಂಪತಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿದ್ದರು (ಈಗ ಐ.ಐ.ಎಸ್‌ಸಿ. ಅನ್ನುತ್ತೇವಲ್ಲ, ಅದೇ). ರಾಮನ್‌ಗೆ ಅವರನ್ನು ಕಾಯಂ ಉಳಿಸಿಕೊಳ್ಳುವ ಆಸೆ. ಸಂಸ್ಥೆಯೊಳಗಿನ ಜಗಳದಲ್ಲಿ ಅದು ಮುರಿದುಬಿತ್ತು. ತನ್ನ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯವ ನಮಗೆ ಬೇಡ ಅಂತ ಸಭೆಯಲ್ಲಿ ಒಬ್ಬರು ಮುಖದೆದುರೇ ಅಂದರು ಅಂತ ಬಾರ್ನ್ ಆತ್ಮಕತೆಯಲ್ಲಿ ಬರೆದುಕೊಂಡಿದ್ದಾರೆ. ಆ ಎರಡನೇ ದರ್ಜೆಯವರಿಗೆ 1954ರಲ್ಲಿ ನೊಬೆಲ್ ಬಂತು.

ಅವರ ಸಂಬಂಧಿ, ಬರ್ಲಿನ್‌ನ ಆರ್ಕಿಟೆಕ್ಟ್ ಒಟ್ಟೊ ಕೊನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಕೆಲಸ ಕೊಟ್ಟರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ವಾಕಿಂಗ್ ಮಾಡುವವರೇ, ಅಲ್ಲಿನ ಪೆವಿಲಿಯನ್ ಅವರ ಕೈಕೆಲಸ. ಟಾಟಾ ಇನ್‌ಸ್ಟಿಟ್ಯೂಟ್‌ನ ಕೆಲವು ಕಟ್ಟಡಗಳೂ ಅವರವೇ. ಮೈಸೂರು ರಸ್ತೆಯ ಗೋರಿಪಾಳ್ಯದಲ್ಲಿ ಚಿಕ್ಕದೊಂದು ಯಹೂದಿ ಸ್ಮಶಾನವಿದೆ. 20ನೇ ಶತಮಾನದ ಶುರುವಿನಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಾಗ.

ಇನ್ನೊಂದು ನಂಟು ಎಲ್ಲರ ಮನೆಗೂ ಬೆಳಿಗ್ಗೆ ಬಂದದ್ದು. ಆಕಾಶವಾಣಿ ಶುರುವಾಗುವ ಮುಂಚಿನ ಆ ಪಿಟೀಲಿನ ಟ್ಯೂನ್ ನೆನಪಿದೆಯಾ? ಅದನ್ನು ಕಟ್ಟಿದವರು ವಾಲ್ಟರ್ ಕಾಫ್‌ಮನ್. ಯುರೋಪು ಬಿಟ್ಟು 1934ರಲ್ಲಿ ಮುಂಬೈಗೆ ಬಂದ ಯಹೂದಿ. 2020ರಲ್ಲಿ ಅವರ ಬೇರೆ ರಚನೆಗಳ ಆಲ್ಬಂ ಕೆನಡಾದ ಎ.ಆರ್.ಸಿ. ಆನ್‌ಸಾಂಬಲ್ ತಂದಿದೆ. ಹುಡುಕಿ ಕೇಳಿ.

ಮುಂಬೈನಲ್ಲಿ ಒಂದು ದಿನ ಸಿಕ್ಕರೆ?

ಕಾಳಾ ಘೋಡಾ. ಬಾಗ್ದಾದಿನಿಂದ 1832ರಲ್ಲಿ ಬಂದ ಡೇವಿಡ್ ಸಸೂನ್‌ನ ಹೆಸರಿನ ಲೈಬ್ರರಿ ಅಲ್ಲಿದೆ. ಹತ್ತಿರದಲ್ಲೇ ತಿಳಿನೀಲಿ ಬಣ್ಣದ ಕೆನೆಸೆತ್ ಎಲಿಯಾಹು ಸಿನಗಾಗ್. 1884ರದ್ದು, ದುರಸ್ತಿಯಾಗಿ 2019ರಲ್ಲಿ ಮತ್ತೆ ತೆರೆಯಿತು. ಸಂಜೆ ಬಣ್ಣದ ಗಾಜಿನಿಂದ ಬೀಳುವ ಬೆಳಕಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಆ ಬಡಾವಣೆಗೆ ಹೆಸರು ತಂದ ಕಪ್ಪು ಕುದುರೆಯ ಮೂಲ ಪ್ರತಿಮೆ ಮಾಡಿಸಿದ್ದೂ ಸಸೂನ್ ಮನೆಯವರೇ. ಪ್ರತಿ ವರ್ಷ ಜನವರಿ ಕೊನೆ, ಫೆಬ್ರವರಿ ಹೊತ್ತಿಗೆ ನಡೆಯುವ ಕಾಳಾ ಘೋಡಾ ಉತ್ಸವದ ಮಾತುಕತೆಗಳು ಆ ಲೈಬ್ರರಿಯ ತೋಟದಲ್ಲಿ ಆಗುವುದುಂಟು.

ಸಸೂನ್‌ರ ಬಗ್ಗೆ ಜೋಸೆಫ್ ಸಸೂನ್ 2022ರಲ್ಲಿ 'ದ ಗ್ಲೋಬಲ್ ಮರ್ಚೆಂಟ್ಸ್' ಬರೆದರು. ಮರುವರ್ಷ ನ್ಯೂಯಾರ್ಕಿನ ಜ್ಯೂಯಿಷ್ ಮ್ಯೂಸಿಯಂನಲ್ಲಿ ಆ ಮನೆತನದ ಚಿತ್ರ, ಹಸ್ತಪ್ರತಿಗಳ ಪ್ರದರ್ಶನ ನಡೆಯಿತು. ಒಂದು ಮಾತು ಮರೆಯಬೇಡಿ. ಆ ದುಡ್ಡಿನಲ್ಲಿ ದೊಡ್ಡ ಪಾಲು ಚೀನಾಕ್ಕೆ ಕಳಿಸಿದ ಅಫೀಮಿನದು. ಪುಸ್ತಕ ಅದನ್ನು ಮರೆಮಾಚುವುದಿಲ್ಲ.

ಹತ್ಯಾಕಾಂಡದ ಪುಸ್ತಕಗಳೇ ಜಾಸ್ತಿ ಕಾಣುತ್ತವೆ. ಯುರೋಪಿನ ಯಹೂದಿಗಳು ಹೇಗೆ ಬದುಕಿದ್ದರು ಅಂತ ತಿಳಿಯುವುದು ಹೇಗೆ?

ನನಗೂ ಇದೇ ತಕರಾರು. ಸತ್ತದ್ದು ಹೇಗೆ ಅಂತ ಮಾತ್ರ ಗೊತ್ತಿದ್ದರೆ ಆ ಜನ ನಮಗೆ ಗೊತ್ತಾದ ಹಾಗಲ್ಲ.

2025ರಲ್ಲಿ ಇಂಗ್ಲಿಷಿಗೆ ಬಂದ ಖಾಯಿಮ್ ಗ್ರಾಡೆ ಅವರ 'ಸನ್ಸ್ ಆ್ಯಂಡ್ ಡಾಟರ್ಸ್' ಓದಿ. ಮೂಲ ಯಿಡ್ಡಿಷ್, ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಲೇಖಕರು 1982ರಲ್ಲಿ ತೀರಿಕೊಂಡರು. ಅವರ ಹೆಂಡತಿ ಯಾರಿಗೂ ಕಾಗದಪತ್ರ ಮುಟ್ಟಲು ಬಿಡಲಿಲ್ಲ, 2010ರಲ್ಲಿ ಅವರೂ ಹೋದ ಮೇಲೆ ಬಾಗಿಲು ತೆರೆಯಿತು. ಎರಡು ಮಹಾಯುದ್ಧಗಳ ನಡುವಿನ ಹಳ್ಳಿಯ ಒಬ್ಬ ರಬ್ಬಿಯ, ಅಂದರೆ ಯಹೂದಿ ಧರ್ಮಗುರುವಿನ ಮನೆ. ಮಕ್ಕಳು ಒಬ್ಬೊಬ್ಬರಾಗಿ ಅಪ್ಪನ ದಾರಿ ಬಿಡುತ್ತಾರೆ. ಮಠದಂಥ ಮನೆಯಲ್ಲಿ ಹುಟ್ಟಿ ಇಂಗ್ಲಿಷ್ ಕಲಿತು ಹೊರಗೆ ಹೋದ ಮಕ್ಕಳ ಕತೆ ಓದಿಕೊಂಡು ಬೆಳೆದ ಕನ್ನಡದವರಿಗೆ ಆ ಅಪ್ಪನ ಮೌನ ತುಂಬ ಪರಿಚಯದ್ದು. ಪುಸ್ತಕ ದಪ್ಪ ಇದೆ, ಹೆದರಬೇಡಿ.

ಯಿಡ್ಡಿಷ್ ಅಂದೆನಲ್ಲ, 1980ರಲ್ಲಿ ಆರನ್ ಲಾನ್ಸ್ಕಿ ಅನ್ನುವ 24 ವರ್ಷದ ವಿದ್ಯಾರ್ಥಿ, ಅಜ್ಜ ಅಜ್ಜಿ ಸತ್ತ ಮೇಲೆ ಮೊಮ್ಮಕ್ಕಳು ಬೀದಿಗೆ ಹಾಕುತ್ತಿದ್ದ ಯಿಡ್ಡಿಷ್ ಪುಸ್ತಕಗಳನ್ನು ಒಟ್ಟು ಮಾಡಲು ಹೊರಟ. ಜಗತ್ತಿನಲ್ಲಿ ಉಳಿದಿರುವುದು 70 ಸಾವಿರ ಪ್ರತಿ ಇರಬಹುದು ಅಂತ ಬಲ್ಲವರು ಅಂದಿದ್ದರು. ಸಿಕ್ಕಿದ್ದು ಹತ್ತು ಲಕ್ಷಕ್ಕೂ ಜಾಸ್ತಿ. ಅಮೆರಿಕದ ಆಮ್ಹರ್ಸ್ಟ್‌ನಲ್ಲಿ ಈಗ ಅದಕ್ಕೊಂದು ಕೇಂದ್ರವೇ ಇದೆ.

ಯುದ್ಧ ಮುಗಿದ ಮೇಲಿನ ಕತೆಗೆ ಯಾಯೆಲ್ ವಾನ್ ಡರ್ ವೌಡನ್ ಅವರ 'ದ ಸೇಫ್‌ಕೀಪ್' ಇದೆ. 2025ರ ವಿಮೆನ್ಸ್ ಪ್ರೈಜ್ ಪಡೆದದ್ದು. 1961ರ ಹಾಲೆಂಡ್, ಒಂದು ಮನೆ, ಅಲ್ಲಿನ ಪಿಂಗಾಣಿ ತಟ್ಟೆಗಳು. ಇದಕ್ಕಿಂತ ಜಾಸ್ತಿ ಹೇಳಿದರೆ ನಿಮ್ಮ ಮಜಾ ಹಾಳು.

ನಾನು ಹೊರದೇಶದಲ್ಲಿದ್ದೇನೆ. ಹತ್ತಿರದಲ್ಲಿ ಏನಾದರೂ ಕಾರ್ಯಕ್ರಮ ಇದೆಯಾ?

ಲಂಡನ್‌ನಲ್ಲಿ ಜ್ಯೂಯಿಷ್ ಬುಕ್ ವೀಕ್, 1952ರಿಂದ ನಡೆಯುತ್ತಿದೆ, ಚಳಿಗಾಲದ ಕೊನೆಗೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೇಸಿಗೆಯಲ್ಲಿ ಫಿಲ್ಮ್ ಫೆಸ್ಟಿವಲ್, ಈ ಥರದ್ದರಲ್ಲಿ ಅದೇ ಮೊದಲನೆಯದು, 1980ರದ್ದು. ಯುರೋಪಿನ ಬೇರೆ ಬೇರೆ ಊರುಗಳಲ್ಲಿ ಸೆಪ್ಟೆಂಬರ್ ಶುರುವಿಗೆ ಯಹೂದಿ ಸಂಸ್ಕೃತಿಯ ದಿನ ಅಂತ ಮಾಡುತ್ತಾರೆ, ಆಗ ಸಾಮಾನ್ಯವಾಗಿ ಮುಚ್ಚಿರುವ ಸಿನಗಾಗ್‌ಗಳೂ ತೆರೆದಿರುತ್ತವೆ. ಆಮ್‌ಸ್ಟರ್‌ಡ್ಯಾಂನ ಹೊಸ ಹತ್ಯಾಕಾಂಡ ಮ್ಯೂಸಿಯಂ 2024ರಲ್ಲಿ ಶುರುವಾಯಿತು.

ಆದರೆ ಒಂದಕ್ಕೆ ಮಾತ್ರ ದುಡ್ಡು ಕೂಡಿಸಿ ಹೋಗುವುದಾದರೆ ಪೋಲೆಂಡಿನ ಕ್ರಾಕೋವ್. ಜೂನ್ ಕೊನೆಯ ಹೊತ್ತಿಗೆ ಕಾಜಿಮಿಯೆಜ್ ಕೇರಿಯಲ್ಲಿ ಯಹೂದಿ ಸಂಸ್ಕೃತಿಯ ಹಬ್ಬ. 1988ರಲ್ಲಿ ಇದನ್ನು ಶುರು ಮಾಡಿದ ಇಬ್ಬರೂ ಯಹೂದಿಗಳಲ್ಲ. ಯಹೂದಿಗಳು ಹೆಚ್ಚುಕಡಿಮೆ ಇಲ್ಲವಾದ ಊರಿನಲ್ಲಿ ಅವರ ಹಾಡಿನ ಹಬ್ಬ ಮಾಡುವುದು ಸರಿಯೇ ಅಂತ ಜಗಳ ಆಡುವವರು ಇದ್ದಾರೆ. ಆ ಜಗಳ ಗೊತ್ತಿಟ್ಟುಕೊಂಡೇ ಹೋಗಿ. ವಾರ್ಸಾದ ಪೋಲಿನ್ ಮ್ಯೂಸಿಯಂ ಒಂದು ಇಡೀ ದಿನ ಬೇಡುತ್ತದೆ. ಸಾವಿರ ವರ್ಷದ ಬದುಕು ಅಲ್ಲಿ ಮೊದಲು ಬರುತ್ತದೆ, ಸಾವು ಆಮೇಲೆ.

ಯಹೂದಿ ಹಬ್ಬಗಳ ತಾರೀಖು ಪ್ರತಿ ವರ್ಷ ಯಾಕೆ ಬದಲಾಗುತ್ತದೆ?

ನಮ್ಮ ಯುಗಾದಿ ಬದಲಾದ ಹಾಗೇ. ಚಾಂದ್ರಮಾನದ ತಿಂಗಳು. 19 ವರ್ಷಕ್ಕೆ ಏಳು ಅಧಿಕ ಮಾಸ. ಒಂದೇ ವ್ಯತ್ಯಾಸ, ಅವರ ದಿನ ಹಿಂದಿನ ಸಂಜೆ ಸೂರ್ಯ ಮುಳುಗಿದಾಗಲೇ ಶುರು. ಕಾರ್ಯಕ್ರಮದ ಚೀಟಿಯಲ್ಲಿ ಬುಧವಾರ ಅಂತಿದ್ದರೆ ಮಂಗಳವಾರ ಸಂಜೆಯದ್ದಾ ಅಂತ ಕೇಳಿಕೊಳ್ಳಿ.

ಇದನ್ನೆಲ್ಲ ಓದಿದರೆ ಇಸ್ರೇಲ್ ಪರ ಅಂತ ಆಗುವುದಿಲ್ಲವೇ?

ಇಲ್ಲ. ಬೊಮ್ಮನ ಯಜಮಾನ ಸತ್ತು ಹೆಚ್ಚುಕಡಿಮೆ ಎಂಟು ನೂರು ವರ್ಷ ಆದ ಮೇಲೆ ಆ ದೇಶ ಹುಟ್ಟಿತು. ಗಾಜಾದ ಬಗ್ಗೆ ನಿಮಗೆ ಏನು ಅನಿಸುತ್ತದೋ ಅದನ್ನು ಇಟ್ಟುಕೊಂಡೇ ರೂಬಿ ಡೇನಿಯಲ್ ಓದಬಹುದು. ಯಹೂದಿ ಲೇಖಕರಲ್ಲೇ ಈ ವಿಷಯಕ್ಕೆ ಒಬ್ಬರನ್ನೊಬ್ಬರು ಹರಿದು ತಿನ್ನುವಷ್ಟು ಭಿನ್ನಾಭಿಪ್ರಾಯ ಇದೆ.

ನಮ್ಮ ಓದುಬಳಗದಲ್ಲಿ ಒಂದು ಸಂಜೆ ಇದನ್ನಿಡಬೇಕು. ಹೇಗೆ?

ಭಾಷಣ ಬೇಡ. ಬೆನ್ ಯಿಜುಗೆ ಬಂದ ಒಂದು ಪತ್ರವನ್ನು ಯಾರಾದರೂ ಕನ್ನಡಕ್ಕೆ ಮಾಡಿಕೊಂಡು ಬಂದು ಜೋರಾಗಿ ಓದಲಿ. ಮೊದಲು ಉದ್ದುದ್ದ ಕುಶಲ, ಆಮೇಲೆ ಬಾಕಿ ಲೆಕ್ಕ, ಆಮೇಲೆ ಕಳಿಸಿದ ಸಾಮಾನಿನ ಪಟ್ಟಿ, ಕೊನೆಗೆ ಬೊಮ್ಮನಿಗೆ ನಮಸ್ಕಾರ. ತಟ್ಟೆಯಲ್ಲಿ ಮಲಿದಾ ಇಡಿ. ಗಟ್ಟಿ ಅವಲಕ್ಕಿ ತಗೊಳ್ಳಿ, ತೆಳು ಅವಲಕ್ಕಿ ಮುದ್ದೆಯಾಗುತ್ತದೆ. ಮತ್ತೆ ಶುಕ್ರವಾರ ಸಂಜೆ ಅಥವಾ ಶನಿವಾರ ಸೂರ್ಯ ಮುಳುಗುವ ಮುಂಚೆ ಇಟ್ಟುಕೊಳ್ಳಬೇಡಿ, ಯಾರಾದರೂ ಯಹೂದಿ ಗೆಳೆಯರನ್ನು ಕರೆಯುವುದಿದ್ದರೆ ಅವರು ಬರಲಾಗುವುದಿಲ್ಲ.